ಪರವಾನಗಿಯಿಲ್ಲದ ಪ್ಯಾನ್‌ಕೇಕು

ಸುಳ್ಳಿಗೆ ಕಾರಣಗಳು ಎರಡು, ಒಂದು ಲೋಭ, ಇನ್ನೊಂದು ಭಯ, ಎಂದು ಬಲ್ಲವರು ಹೇಳುತ್ತಾರೆ. ಲುಬ್ಬರ್ಟ್ ಹಾಫ್‌ಕಾಂಪ್ ಆಡಿದ ಸುಳ್ಳು ಈ ಎರಡಕ್ಕೂ ಸೇರಿದ್ದಲ್ಲ. ಅವನ ಬಾಯಿ ಬಿಡುವಾಗಿತ್ತು, ಅಷ್ಟೆ.

ಅಂದು ಪಕ್ಕದ ಮನೆಯ ಟ್ಯೂನಿಸ್ ಸ್ಕೋಲ್ಟನ್ನನ ಅರವತ್ತೇಳನೆಯ ಹುಟ್ಟುಹಬ್ಬ. ಬೀದಿಯ ಹದಿನಾಲ್ಕು ಮಂದಿ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು, ಟ್ಯೂನಿಸ್ಸನಿಗೆ, ಅವನ ಹೆಂಡತಿ ಅಲೀದಾಳಿಗೆ, ಅಲೀದಾಳ ತಂಗಿಗೆ, ಕೊನೆಗೆ ತಮ್ಮತಮ್ಮಲ್ಲೇ ಒಬ್ಬರಿಗೊಬ್ಬರು ಶುಭಾಶಯ ಹೇಳಿ ಮುಗಿಸಿ ಕುಳಿತಿದ್ದರು. ತಲೆಗೊಂದು ತುಂಡಿನಂತೆ ಕೇಕು ಹಂಚಿ ಆಗಿತ್ತು. ಎರಡನೆಯ ತುಂಡಿನ ಮಾತನ್ನು ಐಸೆಲ್ ನದಿಯ ಈ ದಂಡೆಯಲ್ಲಿ ಯಾರೂ ಎತ್ತುವ ಪದ್ಧತಿಯಿಲ್ಲ. ಹೀಗೆ ಲುಬ್ಬರ್ಟನ ಬಾಯಿಗೆ ಕೆಲಸವಿಲ್ಲದಿದ್ದ ಆ ದುರ್ಮುಹೂರ್ತದಲ್ಲಿ ಎದುರುಮನೆಯ ರೋಲಿನಾ ಬೊಸ್ಗ್ರಾ ಒಂದು ನಿಟ್ಟುಸಿರು ಬಿಟ್ಟಳು.

"ನಮ್ಮನೆಯವರು ಹೋದಮೇಲೆ ನಾನೊಂದು ಸರಿಯಾದ ಪ್ಯಾನ್‌ಕೇಕ್ ತಿಂದಿಲ್ಲ. ಅವರೇ ಮಾಡ್ತಿದ್ರು. ಹಂದಿಮಾಂಸದ ಬೇಕನ್ ಹಾಕಿ, ಗಾಳೀಲಿ ಎಸೆದು ತಿರುಗಿಸಿ. ಈಗೆಲ್ಲ ಪ್ಯಾಕೆಟ್ಟಿನಲ್ಲಿ ಬರೋದು. ಅದನ್ನ ತಿನ್ನೋ ಬದಲು ಪ್ಯಾಕೆಟ್ಟನ್ನೇ ತಿನ್ನಬಹುದು."

ರೋಲಿನಾ ಊರಿನ ಈಜುಕೊಳದಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಈಜು ಕಲಿಸಿ ನಿವೃತ್ತಳಾದವಳು. ಪರೀಕ್ಷೆಯಲ್ಲಿ ಕೊಳದ ಗೋಡೆಯನ್ನು ಬೆರಳತುದಿಯಿಂದ ಮುಟ್ಟಿದ ಮಗುವಿಗೂ ಆಕೆ ಪ್ರಮಾಣಪತ್ರ ಕೊಟ್ಟವಳಲ್ಲ. ನಗರಾಧ್ಯಕ್ಷರ ಮಗಳನ್ನು ಮೂರು ಸಲ ಫೇಲು ಮಾಡಿದ್ದಳು. ಇದ್ದುದನ್ನು ಇದ್ದಂತೆ ಹೇಳುವ ಆ ನಾಲಿಗೆಗೆ ಬೀದಿಯೇ ಅಂಜುತ್ತಿತ್ತು. ಲುಬ್ಬರ್ಟ್ ಮಾತ್ರ ಎರಡು ವರ್ಷದಿಂದ ಆ ನಾಲಿಗೆ ತನ್ನ ಹೆಸರನ್ನು ಒಂದು ಸಲ ಹೇಳೀತೇ ಎಂದು ಕಾಯುತ್ತಿದ್ದ. ವಯಸ್ಸು ಐವತ್ತೆಂಟು, ಮದುವೆಯಿಲ್ಲ, ಕಾಲುವೆಯ ಸೇತುವೆಯನ್ನು ದೋಣಿಗಳಿಗಾಗಿ ಎತ್ತಿ ಇಳಿಸುವ ಉದ್ಯೋಗ.

"ನಾನು ಮಾಡ್ತೀನಿ," ಎಂದ ಲುಬ್ಬರ್ಟ್.

ಹದಿಮೂರು ತಲೆಗಳು ತಿರುಗಿದವು.

"ಏನ್ ಮಾಡ್ತೀಯಾ?" ಟ್ಯೂನಿಸ್ ಕೇಳಿದ.

"ಪ್ಯಾನ್‌ಕೇಕು. ಮನೇಲೇ. ಮೂವತ್ತು ವರ್ಷ ಆಯ್ತು."

"ಎಸೆದು ತಿರುಗಿಸ್ತೀರಾ?" ಎಂದಳು ರೋಲಿನಾ.

"ಬೇರೆ ರೀತಿ ತಿರುಗಿಸೋರೂ ಇದಾರಾ?"

ಆಕೆ ಕೈಚೀಲದಿಂದ ಡೈರಿ ತೆಗೆದು, ಕನ್ನಡಕ ಏರಿಸಿ, ಹಾಳೆ ಮಗುಚಿದಳು. "ಈ ವಾರ ಆಗಲ್ಲ. ಮುಂದಿನ ವಾರ ಚರ್ಚಿನ ಕಾಯಿರ್ ಹಾಡು ಇದೆ. ಆಮೇಲಿನ ವಾರ ಹಲ್ಲಿನ ಡಾಕ್ಟ್ರು. ಅದರ ಮುಂದಿನ ಗುರುವಾರ ಆರು ಗಂಟೆ. ಬರ್ಕೊಳ್ಲಾ, ಲುಬ್ಬರ್ಟ್?"

ಹೆಸರು ಬಂದೇಬಿಟ್ಟಿತು. ಅವನು ಹೂಂಗುಟ್ಟಿದ; ಆಕೆ ಬರೆದುಕೊಂಡಳು. ಆ ನಾಡಿನಲ್ಲಿ ಡೈರಿಯಲ್ಲಿ ಬರೆದದ್ದು ಶಿಲಾಶಾಸನ. ಬರೆದವರು ತೀರಿಕೊಂಡರೂ ಆರು ಗಂಟೆಗೆ ಬಾಗಿಲು ತಟ್ಟುತ್ತಾರೇನೋ ಎನ್ನಿಸುವಷ್ಟು ಸ್ಥಿರ.

ಸತ್ಯ ಏನೆಂದರೆ, ಲುಬ್ಬರ್ಟ್ ತನ್ನ ಆಯುಷ್ಯದಲ್ಲಿ ಪ್ಯಾನ್‌ಕೇಕುಗಳ ಒಂದು ತುದಿಯನ್ನು ಮಾತ್ರ ಬಲ್ಲವನಾಗಿದ್ದ, ಅದು ತಿನ್ನುವ ತುದಿ. ಇರುವಷ್ಟು ದಿನ ತಾಯಿ ಮಾಡಿದ್ದಳು. ಅನಂತರ ಅಕ್ಕ ಫೆನ್ನಾ ತಿಂಗಳಿಗೊಮ್ಮೆ ಡಬ್ಬಿಯಲ್ಲಿ ತಂದುಕೊಡುತ್ತಿದ್ದಳು. ನಲವತ್ತು ಟನ್ ತೂಕದ ಸೇತುವೆಯನ್ನು ಗುಂಡಿಯೊತ್ತಿ ಆಕಾಶಕ್ಕೆ ಎತ್ತುತ್ತಿದ್ದ ಆ ಮಹಾಶಯನಿಗೆ ತಟ್ಟೆಯಗಲದ ಹಿಟ್ಟಿನ ಹಾಳೆಯನ್ನು ಒಂದಡಿ ಎತ್ತಲು ಬರುತ್ತಿರಲಿಲ್ಲ. ಅಂದೇ ಅಕ್ಕನಿಗೆ ಫೋನು ಮಾಡಿದ.

"ಫೆನ್ನಾ, ಅಮ್ಮ ಪ್ಯಾನ್‌ಕೇಕ್ ಹೆಂಗ್ ಮಾಡ್ತಿದ್ಲು?"

"ಯಾಕೋ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಸುಮ್ನೆ ಕೇಳ್ದೆ."

"ಐವತ್ತೆಂಟು ವರ್ಷ ಸುಮ್ನೆ ಕೇಳ್ದೇ ಇದ್ದೋನು. ಸರಿ, ಬರ್ಕೋ. ಅರ್ಧ ಕೆಜಿ ಹಿಟ್ಟು, ಒಂದು ಲೀಟರ್ ಹಾಲು, ಮೂರು ಮೊಟ್ಟೆ, ಉಪ್ಪು. ಗಂಟಿಲ್ದಂಗೆ ಕಲಸಿ ಅರ್ಧ ಗಂಟೆ ಮುಟ್ಬೇಡ. ಅಮ್ಮನ ಕಬ್ಬಿಣದ ಕಾವಲಿ ಇದೆಯಲ್ಲ, ಅದು ಹೊಗೆ ಬರೋಷ್ಟು ಕಾದಮೇಲೆ ಬೇಕನ್ ಹಾಕು, ಅದು ಮುದುಡಿದ ಮೇಲೆ ಹಿಟ್ಟು ಹುಯ್ಯಿ. ಮೇಲ್ಗಡೆ ಹಸಿ ಆರೋವರೆಗೂ ಕೈ ಇಡ್ಬೇಡ. ಹದಿನಾಲ್ಕು ಆಗುತ್ತೆ."

"ನಾನ್ ಒಬ್ನೇ ಅಲ್ವಾ?"

"ಹಂಗಾದ್ರೆ ಅರ್ಧ ಮಾಡ್ಕೋ."

"ಒಂದೂವರೆ ಮೊಟ್ಟೆ ಹೆಂಗ್ ಒಡೀಲಿ?"

ಫೆನ್ನಾ ಫೋನು ಇಟ್ಟಳು. ಆ ಪ್ರಶ್ನೆಗೆ ಉತ್ತರ ದೊರೆಯದ ಕಾರಣ ದಿನಕ್ಕೆ ಹದಿನಾಲ್ಕು ಎಂಬುದು ಸ್ಥಿರವಾಯಿತು.

ಲುಬ್ಬರ್ಟನ ಅಡಿಗೆಮನೆಯ ಕಿಟಕಿ ಬೀದಿಗೆ ತೆರೆದಿದೆ. ಅದಕ್ಕೆ ಪರದೆಯಿಲ್ಲ, ಆ ಬೀದಿಯ ಯಾವ ಕಿಟಕಿಗೂ ಇಲ್ಲ. ಪರದೆ ಎಳೆಯುವವನು ಏನನ್ನೋ ಮುಚ್ಚಿಡುತ್ತಾನೆಂದು ಲೋಕ ತಿಳಿಯುತ್ತದೆ. ಆದಕಾರಣ ಲುಬ್ಬರ್ಟನ ಸಾಧನೆಯೆಲ್ಲವೂ ದೀಪದ ಬೆಳಕಿನಲ್ಲಿ, ಗಾಜಿನ ಹಿಂದೆ, ರಂಗಸ್ಥಳದ ಮೇಲೆ ನಡೆದಂತೆ ನಡೆಯಿತು. ಮೊದಲ ಸಂಜೆಯ ಮೊದಲ ಪ್ಯಾನ್‌ಕೇಕು ಕಾವಲಿಯನ್ನು ಬಿಡಲೊಪ್ಪಲಿಲ್ಲ. ಎರಡನೆಯದು ಬಿಟ್ಟಿತು, ಮರಳಿ ಬರಲಿಲ್ಲ. ಮೂರು ದಿನದ ಮೇಲೆ ಬ್ರೆಡ್ಡಿನ ಡಬ್ಬಿಯ ಹಿಂದೆ ಸಿಕ್ಕಿತು. ಮೂರನೆಯದು ತೂಗುದೀಪದ ಮೇಲೆ ಕುಳಿತು ಅಡಿಗೆಮನೆಗೆ ಅಕಾಲದಲ್ಲಿ ಗ್ರಹಣ ಹಿಡಿಸಿತು. ಉಳಿದವು ಹೇಗೋ ಕಾವಲಿಗೆ ಮರಳಿದರೂ ಎರಡಾಗಿ, ಮೂರಾಗಿ ಹರಿದೇ ಮರಳಿದವು. ರುಚಿಗೆ ಮಾತ್ರ ಕುಂದಿರಲಿಲ್ಲ. ಅದು ತಾಯಿಯ ಅಳತೆ. ಮಗನ ಕೈಗೆ ಸಿಕ್ಕಿಯೂ ಕೆಡದಷ್ಟು ಗಟ್ಟಿ.

ತಿನ್ನುವ ವಸ್ತುವನ್ನು ಚೆಲ್ಲುವುದು ಆ ಜನರಲ್ಲಿ ಮಹಾಪಾತಕ. ತಾನು ನಾಲ್ಕು ತಿಂದು, ಉಳಿದ ಚೂರುಗಳನ್ನು ತಟ್ಟೆಗಳಿಗೆ ಹಂಚಿ, ಒಂದನ್ನು ಟ್ಯೂನಿಸ್ಸನ ಮನೆಗೆ ಕೊಟ್ಟು, ಇನ್ನೊಂದನ್ನು ಸೇತುವೆಯ ಬಳಿ ತಂಗಿದ್ದ ದೋಣಿಯವರಿಗೆ ಕೊಟ್ಟ. ಮರುದಿನ ತಟ್ಟೆ ಹಿಂದಿರುಗಿಸಲು ಬಂದವರ ಸೈಕಲ್ಲುಗಳು ಬಾಗಿಲಲ್ಲಿ ನಿಂತವು. ಅಂದಿನ ಚೂರುಗಳೂ ಆ ಕೈಗಳಲ್ಲೇ ಹೊರಟವು. ಒಂದು ವಾರದಲ್ಲಿ ಸಂಜೆ ಐದರಿಂದ ಏಳರವರೆಗೆ ಬಾಗಿಲಲ್ಲಿ ಆರಕ್ಕೆ ಕಡಿಮೆಯಿಲ್ಲದ ಸೈಕಲ್ಲುಗಳು.

ಟ್ಯೂನಿಸ್ ತರ್ಕಶಾಸ್ತ್ರ ಓದಿದವನಲ್ಲ. ಅಂಚೆಯಲ್ಲಿ ಕಾಗದಗಳನ್ನು ವಿಂಗಡಿಸುತ್ತಿದ್ದವನು. ಆದರೂ ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬ ಅನುಮಾನಪ್ರಮಾಣ ಅವನಿಗೆ ಹುಟ್ಟಿನಿಂದಲೇ ಸಿದ್ಧವಾಗಿತ್ತು.

"ಅಲೀದಾ, ನೋಡು," ಎಂದ, ಬೇಕನ್ ಅಗಿಯುತ್ತ. "ಹತ್ತು ದಿನದಿಂದ ನಮಗೆ ಬರೀ ಹರಿದಿರೋದೇ ಬರ್ತಿದೆ."

"ರುಚಿಯಾಗಿದೆಯಲ್ಲ."

"ರುಚಿ ಬಿಡು. ಮೂವತ್ತು ವರ್ಷದ ಅನುಭವ ಇರೋನು ಹರಿದಿರೋದು ಮಾತ್ರ ಮಾಡ್ತಾನಾ? ನೆಟ್ಟಗಿರೋದು ಎಲ್ಲಿಗೆ ಹೋಗುತ್ತೆ?"

ಅಲೀದಾ ಅಗಿಯುವುದನ್ನು ನಿಲ್ಲಿಸಿದಳು.

"ಮಾರ್ತಾನೆ," ಎಂದ ಟ್ಯೂನಿಸ್. "ಹೋಟ್ಲು ಇಟ್ಟಿದಾನೆ. ಈ ಬೀದೀಲಿ ಪುಕ್ಕಟೆ ಎರಡನೇ ಬಿಸ್ಕತ್ತು ಯಾರು ಕೊಟ್ಟಿದಾರೆ ಇಲ್ಲೀವರೆಗೆ?"

ಈ ವಾದದಲ್ಲಿ ರಂಧ್ರವಿರಲಿಲ್ಲ. ಮರುದಿನ ಟ್ಯೂನಿಸ್ ಖಾಲಿ ತಟ್ಟೆ ಹಿಡಿದು ಬಂದು ಲುಬ್ಬರ್ಟನ ಬಾಗಿಲಲ್ಲಿ ನಿಂತ.

"ನೋಡಪ್ಪ ಲುಬ್ಬರ್ಟ್, ಹಿಂದಿನಿಂದ ಆಡ್ಕೊಳ್ಳೋ ಜಾತಿ ನಾನಲ್ಲ. ಮುನಿಸಿಪಾಲಿಟಿಗೆ ದೂರು ಕೊಟ್ಟಿದೀನಿ."

"ಯಾರ ಮೇಲೆ?"

"ನಿನ್ ಮೇಲೆ. ಲೈಸೆನ್ಸ್ ಇಲ್ದೆ ಪ್ಯಾನ್‌ಕೇಕ್ ಹೋಟ್ಲು. ನಿನ್ನ ಮೇಲೆ ನಂಗೆ ಸಿಟ್ಟೇನಿಲ್ಲ. ರೂಲ್ಸು ರೂಲ್ಸೇ."

"ಹೋಟ್ಲಾ? ಸ್ವಲ್ಪ ಜಾಸ್ತಿ ಆಗಿತ್ತು, ಅದಕ್ಕೇ ಕೊಟ್ಟೆ."

"ಹನ್ನೊಂದು ದಿನದಿಂದ ದಿನಾ ಜಾಸ್ತಿ ಆಗುತ್ತಾ? ಮೂವತ್ತು ವರ್ಷದ ಕೈಗೆ ಲೆಕ್ಕ ಸಿಗಲ್ವಾ?"

ಇಲ್ಲಿ ಲುಬ್ಬರ್ಟ್ ಒಂದು ಮಾತು ಹೇಳಿದ್ದರೆ, ನನಗೆ ಬರುವುದಿಲ್ಲ, ಕಲಿಯುತ್ತಿದ್ದೇನೆ ಎಂದಿದ್ದರೆ, ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಟ್ಯೂನಿಸ್ಸನ ಕಿವಿಗೆ ಬಿದ್ದದ್ದು ಅಲೀದಾಳ ಬಾಯಿಗೆ ಬಂದು, ಅವಳ ಕಾಫಿಯ ಲೋಟದೊಡನೆ ಬೀದಿ ದಾಟಿ, ಹತ್ತು ನಿಮಿಷದಲ್ಲಿ ರೋಲಿನಾಳ ಮೇಜಿನ ಮೇಲಿರುತ್ತಿತ್ತು. ಅವನು ಬಾಯಿ ಬಿಟ್ಟ, ಮುಚ್ಚಿದ. ಆ ಮೌನವನ್ನು ಟ್ಯೂನಿಸ್ ತಪ್ಪೊಪ್ಪಿಗೆಯೆಂದು ಗ್ರಹಿಸಿದ.

"ಸರಿ ಬಿಡು," ಎಂದು ತಟ್ಟೆ ಚಾಚಿದ. "ಇವತ್ತು ಬೇಕನ್ ಇರೋದು ಎರಡು ಹಾಕು."

ಸುದ್ದಿ ಫೆನ್ನಾಳಿಗೂ ಮುಟ್ಟಿತು. "ಅಮ್ಮನ ಕಾವಲಿ ಇಟ್ಕೊಂಡು ಅಂಗಡಿ ಹಾಕಿದೀಯಂತೆ," ಎಂದು ಫೋನಿನಲ್ಲಿ ಗುಡುಗಿದಳು. "ದೊಡ್ಡ ಮಗಳು ನಾನಿದೀನಿ ಅಂತ ಒಂದ್ ಮಾತು ಹೇಳ್ಬೇಡ್ವೇನೋ? ಬೋರ್ಡಿನ ಮೇಲೆ ಯಾರ ಹೆಸರು ಬರ್ಸಿದೀಯಾ?"

"ಬೋರ್ಡೇ ಇಲ್ಲ ಫೆನ್ನಾ."

"ಬೋರ್ಡೂ ಇಲ್ದೆ ನಡೆಸ್ತಿದೀಯಾ? ಕಳ್ಳ ಹೋಟ್ಲೇ ಸರಿ ಹಂಗಾದ್ರೆ."

ಮೂರನೆಯ ವಾರದಲ್ಲಿ ನಗರಸಭೆಯ ಕಾಗದ ಬಂದಿತು. ತನಿಖೆ ನಡೆಯುವುದು ಗುರುವಾರ ಸಂಜೆ ಐದೂವರೆಗೆ. ಯಾವ ಗುರುವಾರ ಎಂದು ವಾಚಕರು ಊಹಿಸಿಯೇ ಇದ್ದಾರೆ. ಲುಬ್ಬರ್ಟ್ ಕಚೇರಿಗೆ ಫೋನು ಮಾಡಿ ದಿನ ಬದಲಿಸಲಾದೀತೇ ಎಂದು ಕೇಳಿದ.

"ಆಗುತ್ತೆ," ಎಂದಿತು ಒಂದು ಸೌಜನ್ಯದ ಧ್ವನಿ. "ಮುಂದಿನ ಖಾಲಿ ಇರೋ ದಿನ ಏಳು ವಾರ ಆದ್ಮೇಲೆ. ಅಲ್ಲೀವರೆಗೆ ನೀವು ಒಲೆ ಹಚ್ಚೋ ಹಾಗಿಲ್ಲ."

ಒಲೆಯಿಲ್ಲದೆ ಪ್ಯಾನ್‌ಕೇಕಿಲ್ಲ, ಪ್ಯಾನ್‌ಕೇಕಿಲ್ಲದೆ ರೋಲಿನಾ ಇಲ್ಲ. ಅರ್ಧ ಗಂಟೆಯಲ್ಲಿ ಅಧಿಕಾರಿಯನ್ನು ಸಾಗಹಾಕಿದರಾಯಿತೆಂದು ಲುಬ್ಬರ್ಟ್ ಒಪ್ಪಿದ. ಅಧಿಕಾರಿಗಳನ್ನು ಅರ್ಧ ಗಂಟೆಯಲ್ಲಿ ಸಾಗಹಾಕಿದವರು ಪುರಾಣಗಳಲ್ಲಿಯೂ ವಿರಳ.

ಗುರುವಾರ ಬಂದಿತು. ಐದೂವರೆಗೆ ಸರಿಯಾಗಿ ಎವರ್ಟ್ ಟರ್‌ಹೋರ್ಸ್ಟ್ ಎಂಬ ತರುಣ ಅಧಿಕಾರಿ, ಕಂಕುಳಲ್ಲಿ ಕಡತ, ಪ್ಯಾಂಟಿಗೆ ಸೈಕಲ್ ಕ್ಲಿಪ್ಪು ಸಮೇತ ಒಳಗೆ ಬಂದ. ದೂರು ಕೊಟ್ಟವರಿಗೆ ಹಾಜರಿರುವ ಹಕ್ಕಿದೆಯೆಂದು ಟ್ಯೂನಿಸ್ಸೂ ಬಂದು ಒಲೆಗೆ ಹತ್ತಿರದ ಕುರ್ಚಿಯನ್ನು ಹಿಡಿದ. ಎವರ್ಟ್ ಮೊದಲು ಕುರ್ಚಿಗಳನ್ನು ಎಣಿಸಿ, ಹತ್ತು ಕಿಲೋ ಹಿಟ್ಟಿನ ಚೀಲವನ್ನು ಬರೆದುಕೊಂಡು, ಜೋನಿಬೆಲ್ಲದಂತೆ ಕಪ್ಪಗೆ ಮಂದವಾಗಿದ್ದ ಸಿಹಿ ಪಾಕದ ಐದು ಲೀಟರಿನ ಡಬ್ಬಿಯ ಮುಂದೆ ಬಹಳ ಹೊತ್ತು ನಿಂತ.

"ಮನೇಲಿ ಎಷ್ಟು ಜನ?"

"ಒಬ್ನೇ."

"ಒಬ್ಬರಿಗೆ ಐದು ಲೀಟರ್ ಪಾಕ," ಎಂದು ಬರೆದ. "ದಿನಕ್ಕೆ ಎಷ್ಟು ಪ್ಯಾನ್‌ಕೇಕ್ ಮಾಡ್ತೀರಾ?"

"ಹದಿನಾಲ್ಕು," ಎಂದ ಟ್ಯೂನಿಸ್, ಕೇಳದಿದ್ದರೂ.

"ಯಾಕೆ?"

ಗಡಿಯಾರ ಐದು ಐವತ್ತೆರಡು ತೋರಿಸುತ್ತಿತ್ತು. ಲುಬ್ಬರ್ಟ್ ಅಧಿಕಾರಿಯನ್ನು ತೋಳು ಹಿಡಿದು ಹೊರಕೋಣೆಗೆ ಕರೆದೊಯ್ದು, ನೇತುಹಾಕಿದ ಕೋಟುಗಳ ನಡುವೆ ಪಿಸುಗುಟ್ಟಿದ. "ನಿಮ್ಗೆ ಮಾತ್ರ ಹೇಳ್ತೀನಿ. ನಂಗೆ ಮಾಡೋಕೆ ಬರಲ್ಲ. ಕಲೀತಿದೀನಿ. ಇನ್ನೂರೈವತ್ತರ ಮೇಲೆ ಆಯ್ತು, ಒಂದೂ ನೆಟ್ಟಗೆ ತಿರುಗಿಲ್ಲ."

"ಸರ್, ಎಲ್ಲರೂ ಹಿಂಗೇ ಅಂತಾರೆ. ಹೋದ ತಿಂಗಳು ಒಬ್ರು ಇದೇ ಮಾತು ಅಂದ್ರು. ಅವರ ಮನೇಲಿ ಹನ್ನೊಂದು ಮೇಜು ಇತ್ತು."

"ದೇವರಾಣೆ ನಂಗೆ ಬರಲ್ಲ."

"ಹಂಗಾದ್ರೆ ತೊಂದ್ರೆನೇ ಇಲ್ಲ. ನನ್ನೆದುರಿಗೆ ಒಂದು ಮಾಡಿ. ಕೆಟ್ಟೋಯ್ತು ಅಂದ್ರೆ ಕಡತ ಮುಚ್ತೀನಿ. ಚೆನ್ನಾಗಿ ಬಂತು ಅಂದ್ರೆ ಒಲೆಗೆ ಸೀಲು, ಕಿಟಕಿಗೆ ನೋಟೀಸು."

ಲುಬ್ಬರ್ಟನ ಎದೆ ಹಗುರಾಯಿತು. ಕೆಡಿಸುವುದೊಂದೇ ಅವನು ಮೂರು ವಾರ ನಿಷ್ಠೆಯಿಂದ ಸಾಧಿಸಿದ ವಿದ್ಯೆ. ಅಡಿಗೆಮನೆಗೆ ಮರಳಿ, ಅಧಿಕಾರಿಯನ್ನು ಕೂರಿಸಿ, ಹಿಟ್ಟಿನ ಪಾತ್ರೆಯನ್ನು ಕೈಗೆತ್ತಿಕೊಂಡ. ಅಷ್ಟರಲ್ಲಿ ಚರ್ಚಿನ ಗಂಟೆ ಆರು ಹೊಡೆಯಿತು, ಆರನೆಯ ಹೊಡೆತಕ್ಕೆ ಬಾಗಿಲ ಗಂಟೆಯೂ ಸೇರಿಕೊಂಡಿತು. ಒಳಗೆ ಬಂದವಳು ರೋಲಿನಾ: ನೀಲಿ ಉಡುಪು, ಕೈಯಲ್ಲಿ ಕುಂಡದ ಗಿಡ.

ಆಕೆಯನ್ನು ಕಂಡದ್ದೇ ಎವರ್ಟ್ ಬೆನ್ನು ನೆಟ್ಟಗೆ ಮಾಡಿಕೊಂಡು ಎದ್ದು ನಿಂತ.

"ನಮಸ್ಕಾರ ಟೀಚರ್."

"ಎವರ್ಟ್. ಎರಡು ಸಲ ಗೋಡೆ ಮುಟ್ಟಿದ್ದೆ ನೀನು."

"ಹೌದು ಟೀಚರ್."

"ಮೂರನೇ ಸಲ ಮುಟ್ಟಲಿಲ್ಲ. ಕೂತ್ಕೋ." ಆಕೆ ಗಿಡವನ್ನು ಕಿಟಕಿಯಲ್ಲಿಟ್ಟು, ಮೇಜಿನ ಮೇಲೆ ತೆರೆದಿದ್ದ ಕಡತವನ್ನು ಒಮ್ಮೆ ಓದಿ, ಟ್ಯೂನಿಸ್ಸನನ್ನು ಒಮ್ಮೆ ನೋಡಿ, ಕುಳಿತಳು. "ಶುರು ಮಾಡಿ, ಲುಬ್ಬರ್ಟ್. ಮೂವತ್ತು ವರ್ಷದ ಕೈ ನೋಡೋಣ."

ಧರ್ಮಸಂಕಟಗಳಲ್ಲಿ ಇದಕ್ಕಿಂತ ಹಿರಿದಾದದ್ದು ಇರಬಹುದು. ಇದಕ್ಕಿಂತ ಬಿಸಿಯಾದದ್ದು ಇರಲಾರದು. ಪ್ಯಾನ್‌ಕೇಕು ಕೆಟ್ಟರೆ ಒಲೆ ಉಳಿಯುತ್ತದೆ, ಮಾನ ಹೋಗುತ್ತದೆ. ನೆಟ್ಟಗಾದರೆ ಮಾನ ಉಳಿಯುತ್ತದೆ, ಒಲೆಗೆ ಸೀಲು ಬೀಳುತ್ತದೆ. ಬೇಕನ್ ಮುದುಡಿತು. ಹಿಟ್ಟು ಸುಯ್ಯೆಂದು ಹರಡಿತು. ಮೇಲಿನ ಹಸಿ ಆರುತ್ತ ಬಂದು, ಅಂಚು ಬಂಗಾರವಾಗಿ, ಕಾವಲಿಯನ್ನು ಅಲುಗಿಸಿದರೆ ಚಕ್ರದಂತೆ ಜಾರಿತು. ಲುಬ್ಬರ್ಟ್ ಕಣ್ಣು ಮುಚ್ಚಿಕೊಂಡು, ದೈವಕ್ಕೆ ಬಿಟ್ಟು, ಎಸೆದ.

ಇನ್ನೂರೈವತ್ತು ಸಲ ಬೇಡಿದಾಗ ಬಾರದ ದೈವ ಬೇಡದ ಗಳಿಗೆಯಲ್ಲಿ ಬಂದಿತು. ಪ್ಯಾನ್‌ಕೇಕು ಹುಣ್ಣಿಮೆಯ ಚಂದ್ರನಂತೆ ಮೇಲೇರಿ, ದೀಪದ ಕೆಳಗೆ ಒಂದು ಕ್ಷಣ ನಿಂತು, ನಿಧಾನವಾಗಿ ಮೈ ತಿರುಗಿಸಿ, ಕಾವಲಿಯ ನಟ್ಟನಡುವೆ ಬಂದು ಕುಳಿತಿತು. ಒಂದು ಅಂಚೂ ಮಡಿಚಿರಲಿಲ್ಲ.

ಎವರ್ಟ್ ಕಾವಲಿಯತ್ತ ಬಗ್ಗಿ ನೋಡಿದ.

"ನೋಡಿದ್ರಾ ಸಾರ್," ಎಂದ ಟ್ಯೂನಿಸ್. "ನೆಟ್ಟಗಿರೋದು. ಇದು ನಮ್ಮನೆಗೆ ಒಂದು ದಿನಾನೂ ಬಂದಿಲ್ಲ."

ಲುಬ್ಬರ್ಟನ ಮುಖದಲ್ಲಿ ಪಟ್ಟಾಭಿಷೇಕವೂ ಗಡೀಪಾರೂ ಒಟ್ಟಿಗೆ ಕಂಡವು. ಎವರ್ಟ್ ವಿಷಾದದಿಂದ ಪೆನ್ನಿನ ಮುಚ್ಚಳ ತೆಗೆದ.

"ನಿಲ್ಲು ಎವರ್ಟ್," ಎಂದಳು ರೋಲಿನಾ. "ನೀರಲ್ಲಿ ಕೈಕಾಲು ಆಡಿಸಿದೋರಿಗೆಲ್ಲ ನಾನು ಸರ್ಟಿಫಿಕೇಟ್ ಕೊಟ್ಟಿದೀನಾ? ಹಾರಿದ ಮಾತ್ರಕ್ಕೆ ತಿನ್ನೋಕಾಗುತ್ತಾ ಅದು? ಇಲ್ಲಿ ಕೊಡಿ."

ಲುಬ್ಬರ್ಟ್ ತಟ್ಟೆಗೆ ಜಾರಿಸಿದ. ಆಕೆ ಪಾಕವನ್ನು ಸುರುಳಿ ಸುರುಳಿಯಾಗಿ ಸುರಿದು, ಪ್ಯಾನ್‌ಕೇಕನ್ನು ಸುತ್ತಿ, ತುದಿಯಿಂದ ಒಂದು ತುಂಡು ಕೊಯ್ದು ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ಇನ್ನೊಂದು ತುಂಡು ಕೊಯ್ದಳು. ಆಕೆಯ ಕಣ್ಣು ಸ್ವಲ್ಪ ಒದ್ದೆಯಾದಂತಿತ್ತು. ಒಲೆಯ ಹೊಗೆಯೂ ಇದ್ದಿತೆಂಬುದನ್ನು ಮರೆಯಬಾರದು.

"ಬರ್ಕೋ," ಎಂದಳು. "ಒಳಗೆ ಹಸಿ. ಉಪ್ಪಿಲ್ಲ. ಬೇಕನ್ ಚಪ್ಪಲಿ ಥರ ಇದೆ. ಇದನ್ನ ದುಡ್ಡು ಕೊಟ್ಟು ತಿನ್ನೋ ಮನುಷ್ಯ ಈ ಪ್ರಾಂತದಲ್ಲಿ ಇನ್ನೂ ಹುಟ್ಟಿಲ್ಲ."

"ಅದು ಹೆಂಗಾಗುತ್ತೆ?" ಎಂದ ಟ್ಯೂನಿಸ್. "ಮೂರು ವಾರದಿಂದ ನಾನೇ ತಿಂತಿದೀನಲ್ಲ, ಬೊಂಬಾಟಾಗಿತ್ತು."

"ನೀವು ಪುಕ್ಕಟೆ ತಿಂದ್ರಿ, ಟ್ಯೂನಿಸ್. ಪುಕ್ಕಟೆ ತಿಂದ ನಾಲಿಗೆ ಸಾಕ್ಷಿ ಹೇಳಬಾರದು."

ಆಕೆಯ ಮಾತನ್ನು ಪರಿಶೀಲಿಸುವ ಧೈರ್ಯ ಎವರ್ಟ್‌ಗೆ ಏಳನೆಯ ವಯಸ್ಸಿನಲ್ಲಿ ಇರಲಿಲ್ಲ, ಮೂವತ್ತನೆಯದರಲ್ಲೂ ಬಂದಿರಲಿಲ್ಲ. "ಮಾರಾಟಕ್ಕೆ ಅಯೋಗ್ಯ," ಎಂದು ಬರೆದು ಮೊಹರು ಹಾಕಿ ಕಡತ ಮುಚ್ಚಿದ. ಹೊರಡುವಾಗ ಸಮಾಧಾನದ ಧ್ವನಿಯಲ್ಲಿ, "ಬೇಜಾರು ಮಾಡ್ಕೋಬೇಡಿ ಸರ್, ಎಲ್ಲರಿಗೂ ಎಲ್ಲಾ ಬರಲ್ಲ," ಎಂದ. ಟ್ಯೂನಿಸ್ ಮಾತ್ರ ಬಾಗಿಲಲ್ಲಿ ನಿಂತು, ಹರಿದದ್ದೇನಾದರೂ ಉಳಿದರೆ ತನ್ನ ಮನೆಯವರು ಎಂಟು ಗಂಟೆಯವರೆಗೆ ಎಚ್ಚರವಿರುತ್ತಾರೆಂದು ತಿಳಿಸಿ ಹೋದ.

ಉಳಿದವರು ಇಬ್ಬರು. ಲುಬ್ಬರ್ಟ್ ಸೌಟು ಹಿಡಿದು ನಿಂತೇ ಇದ್ದ.

"ಉಪ್ಪು ಹಾಕಿದ್ದೆ," ಎಂದ ಸಣ್ಣ ದನಿಯಲ್ಲಿ. "ರೋಲಿನಾ ಅವರೇ, ಒಂದ್ ಮಾತು. ಮೂವತ್ತು ವರ್ಷ ಅಂದಿದ್ದು ಸುಳ್ಳು. ಮೂರು ವಾರ ಆಯ್ತು ಕಲಿಯೋಕೆ ಶುರುಮಾಡಿ."

"ಗೊತ್ತು."

"ಗೊತ್ತಾ?"

"ನಮ್ಮನೆ ಕಿಟಕಿ ನಿಮ್ಮ ಒಲೆಗೆ ಎದುರಿಗೇ ಇದೆ. ಟಿ.ವಿ. ಹಾಕಿಲ್ಲ ನಾನು ಮೂರು ವಾರದಿಂದ."

ಅವನು ಕೆಂಪಾದ. "ಆವಾಗಲೇ ಬಂದು ಹೇಳ್ಬಹುದಿತ್ತಲ್ಲ."

"ಗುರುವಾರ ಅಂತ ಬರ್ದಿತ್ತಲ್ಲ," ಎಂದಳು ರೋಲಿನಾ. ಮಾತಾಡುತ್ತಲೇ ಆಕೆ ಕೊನೆಯ ತುಂಡಿನಿಂದ ತಟ್ಟೆಯ ಪಾಕವನ್ನೆಲ್ಲ ಒರೆಸಿ ತಿಂದು, ಖಾಲಿ ತಟ್ಟೆಯನ್ನು ಚಾಚಿದಳು. "ಇನ್ನೊಂದು ಮಾಡಿ."

ಖಾಲಿ ತಟ್ಟೆಗಿಂತ ಸ್ಪಷ್ಟವಾದ ಪ್ರಮಾಣ ಯಾವ ಶಾಸ್ತ್ರದಲ್ಲಿಯೂ ಇಲ್ಲ. ಆದರೆ ಲುಬ್ಬರ್ಟನ ದೃಷ್ಟಿ ಅದರ ಮೇಲೆ ಬೀಳಲಿಲ್ಲ. ಆಕೆ ಎಂದೂ ಸುಳ್ಳಾಡದವಳೆಂಬುದೊಂದೇ ಅವನ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ಹಸಿ ಎಂದಳಲ್ಲವೇ, ಎರಡರಷ್ಟು ಹೊತ್ತು ಬೇಯಿಸಿದ. ಉಪ್ಪಿಲ್ಲವೆಂದಳಲ್ಲವೇ, ಒಂದು ಹಿಡಿ ಹಾಕಿದ. ಎಸೆದದ್ದು ಕಾವಲಿಯ ಅಂಚಿಗೆ ಬಡಿದು, ಅರ್ಧಕ್ಕೆ ಮಡಿಚಿಕೊಂಡು, ಒಂದು ಮಗ್ಗುಲು ಇದ್ದಿಲಾಗಿ ತಟ್ಟೆಗೆ ಬಂದಿತು. ಅವನು ಎದುರು ಕುರ್ಚಿಯ ತುದಿಯಲ್ಲಿ ಕುಳಿತು, ಈಜುಪರೀಕ್ಷೆಯ ಮಗುವಿನಂತೆ ಆಕೆಯ ಮುಖ ನೋಡಿದ.

ರೋಲಿನಾ ಅಗಿದಳು. ನೀರು ಕುಡಿದಳು. ಮತ್ತೆ ಅಗಿದಳು.

"ಹೇಗಿದೆ?"

ಆಕೆ ಆ ಮುಖವನ್ನು ನೋಡಿದಳು. "ಇದು ಸರಿಯಾಗಿದೆ," ಎಂದಳು.

ಒಂದು ಸಂಜೆಗೆ ಎರಡು ಸುಳ್ಳು. ಸುಳ್ಳಿಗೆ ಪ್ರಾಯಶ್ಚಿತ್ತವಿದೆಯೆಂಬುದು ಎಲ್ಲ ಮತಗಳಿಗೂ ಒಪ್ಪಿಗೆಯಾದ ಮಾತು. ಎಷ್ಟು ಕಾಲ ಎಂಬಲ್ಲಿ ಮಾತ್ರ ಭೇದವಿದೆ. ರೋಲಿನಾಳ ಮಟ್ಟಿಗೆ ಅದಿನ್ನೂ ಮುಗಿದಿಲ್ಲ. ಲುಬ್ಬರ್ಟನ ಪ್ಯಾನ್‌ಕೇಕುಗಳು ಈಗ ಬೀದಿಯವರ ಪಾಲಿಗೆ ಚಂದ್ರಬಿಂಬದಂತೆ ದುಂಡಗೆ, ಮೃದುವಾಗಿ ಬರುತ್ತವೆ. ಟ್ಯೂನಿಸ್ ದಿನವೂ ತಟ್ಟೆ ಹಿಡಿದು ಬರುತ್ತಾನೆ, ಮತ್ತೊಂದು ದೂರು ಕೊಡಬೇಕೆಂದು ಅಂದುಕೊಳ್ಳುತ್ತಲೇ ತಿನ್ನುತ್ತಾನೆ. ಗುರುವಾರ ಮಾತ್ರ ಲುಬ್ಬರ್ಟ್ ವಿಶೇಷ ಶ್ರದ್ಧೆಯಿಂದ ಹಿಡಿ ಉಪ್ಪು ಹಾಕಿ, ಒಂದು ಮಗ್ಗುಲು ಚೆನ್ನಾಗಿ ಕರಕಾಗುವವರೆಗೆ ಕಾದು, ಅರ್ಧಕ್ಕೆ ಮಡಿಚಿ ಬೀಳುವಂತೆ ಎಸೆಯುತ್ತಾನೆ. ಆರು ಗಂಟೆಗೆ ರೋಲಿನಾ ಬಂದು ಕೂರುತ್ತಾಳೆ. ಪಾಕವನ್ನು ಸ್ವಲ್ಪ ಹೆಚ್ಚಾಗಿಯೇ ಸುರಿದುಕೊಂಡು, ಮೂರು ಲೋಟ ನೀರು ಪಕ್ಕದಲ್ಲಿಟ್ಟುಕೊಂಡು, ಒಂದು ತುಣುಕೂ ಬಿಡದೆ ತಿಂದು ಮುಗಿಸುತ್ತಾಳೆ.